‘ಸೆಟ್’ ಅಂದರೆ ಕೂರಿಸು

(ಹೈಸ್ಕೂಲು ಇಂಗ್ಲಿಷ್ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಓದುಗರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ. ಆ ಪದ ‘ಸೆಟ್’. ಎಸ್, ಇ, ಟಿ. ಮೂರೇ ಅಕ್ಷರ. ಇಂಗ್ಲಿಷ್ ಓದಲು ಬಾರದವರ ಬಾಯಲ್ಲೂ ಇದು ದಿನಾ ಬರುತ್ತದೆ. ಸೆಟ್ ದೋಸೆ ಅನ್ನುತ್ತೇವೆ, ಟಿವಿ ಸೆಟ್ ಅನ್ನುತ್ತೇವೆ, ‘ಆ ಊರು ನಂಗೆ ಸೆಟ್ ಆಗಲ್ಲ’ ಅನ್ನುತ್ತೇವೆ. ಇಷ್ಟು ಸುಲಭದ ಪದಕ್ಕೆ ಒಂದು ಗಂಟೆ ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ ಬಂತು. 20 ಸಂಪುಟ. ಆ 20 ಸಂಪುಟಗಳಲ್ಲಿ ಎಲ್ಲಕ್ಕಿಂತ ಉದ್ದನೆಯ ವಿವರಣೆ ಸಿಕ್ಕಿದ್ದು ಈ ‘ಸೆಟ್’ ಕ್ರಿಯಾಪದಕ್ಕೆ. 430ಕ್ಕೂ ಜಾಸ್ತಿ ಅರ್ಥ. ವಿವರಣೆ ಮತ್ತು ಉದಾಹರಣೆ ಸೇರಿ ಸುಮಾರು 60,000 ಪದ. ಅಂದರೆ ಒಂದು ಕಾದಂಬರಿಯಷ್ಟು ಬರಹ, ಮೂರಕ್ಷರದ ಒಂದು ಪದಕ್ಕೆ. ಆಮೇಲೆ ಅದೇ ನಿಘಂಟನ್ನು ಪರಿಷ್ಕರಿಸುವಾಗ ‘ರನ್’ ಪದ ಇದನ್ನೂ ಹಿಂದೆ ಹಾಕಿತು. ‘ರನ್’ ಕ್ರಿಯಾಪದಕ್ಕೆ 645 ಅರ್ಥ ಕಂಡವು. ಪೀಟರ್ ಗಿಲಿವರ್ ಎಂಬ ಸಂಪಾದಕರು ಆ ಒಂದು ಪದದ ಮೇಲೆ ಒಂಬತ್ತು ತಿಂಗಳು ಕೆಲಸ ಮಾಡಿದರು. ಆದರೂ ನನಗೆ ‘ಸೆಟ್’ ಮೇಲೇ ಪ್ರೀತಿ. ಕನ್ನಡದವರಿಗೆ ಈ ಪದ ಎಷ್ಟು ಹತ್ತಿರ ಅನ್ನುವುದನ್ನು ಇವತ್ತು ತೋರಿಸಬೇಕು ಅಂತಲೇ ಬಂದಿದ್ದೇನೆ.

430 ಅಂದ ಕೂಡಲೇ ಮಕ್ಕಳು ಹೆದರುತ್ತಾರೆ. ನಾವು ಕಲಿಸುವ ರೀತಿಯೂ ಹೆದರಿಸುವ ಹಾಗೇ ಇದೆ. ಗೈಡ್ ತೆಗೆದು ನೋಡಿ. ‘ಸೆಟ್: ಇಡು, ಗುಂಪು, ಹೊಂದಿಸು, ಮುಳುಗು, ಗಟ್ಟಿಯಾಗು’ ಅಂತ ಒಂದು ಸಾಲು. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅಂತ ಹೇಳುವವರಿಲ್ಲ. ಮಗು ಬಾಯಿಪಾಠ ಮಾಡುತ್ತದೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತದೆ. ಮಗುವಿಗೆ ನೆನಪಿನ ಶಕ್ತಿ ಕಡಿಮೆ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಹಿಡಿದುಕೊಳ್ಳುವುದಕ್ಕೆ ನಾವು ಅದರ ಕೈಗೆ ಏನೂ ಕೊಟ್ಟಿಲ್ಲ.

ಹಾಗಾದರೆ ನಿಘಂಟು ಮಾಡಿದವರಿಗೆ ಈ 430 ಅರ್ಥ ಎಲ್ಲಿ ಸಿಕ್ಕವು? ಅವರು ಕೋಣೆಯಲ್ಲಿ ಕೂತು ಯೋಚನೆ ಮಾಡಿ ಬರೆದದ್ದಲ್ಲ. ಭಾಷೆಯ ಅಧ್ಯಯನಕ್ಕೆಂದೇ ಇದ್ದ ಲಂಡನ್ನಿನ ಫಿಲಾಲಾಜಿಕಲ್ ಸೊಸೈಟಿ 1857ರಲ್ಲಿ ಈ ಕೆಲಸದ ಮಾತೆತ್ತಿತು. 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕರಾದರು. ಅವರು ಇಂಗ್ಲಿಷ್ ಓದುವ ಜನರಿಗೆಲ್ಲ ಒಂದು ಮನವಿ ಮಾಡಿಕೊಂಡರು. ನೀವು ಓದುವ ಪುಸ್ತಕದಲ್ಲಿ ಒಂದು ಪದ ಹೇಗೆ ಬಂದಿದೆ ಅಂತ ಆ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿ ಅಂದರು. ಒಂದು ಚೀಟಿಗೆ ಒಂದು ವಾಕ್ಯ. ಚೀಟಿಗಳು ಲಕ್ಷಗಟ್ಟಲೆ ಬಂದವು. ಮರ್ರೆ ತಮ್ಮ ಮನೆಯ ತೋಟದಲ್ಲಿ ತಗಡಿನ ಶೆಡ್ಡು ಕಟ್ಟಿಸಿ, ಗೂಡುಗೂಡಿನ ಕಪಾಟು ಮಾಡಿಸಿ, ಅವುಗಳನ್ನು ವಿಂಗಡಿಸಿ ಇಟ್ಟರು. ಮೊದಲ ಕಂತು ಹೊರಬಂದದ್ದು 1884ರಲ್ಲಿ. ಇಡೀ ನಿಘಂಟು ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು.

‘ಸೆಟ್’ ಇರುವ ಭಾಗ ಹೆನ್ರಿ ಬ್ರ್ಯಾಡ್ಲಿ ಅವರ ಪಾಲಿಗೆ ಬಂತು. ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರಿಗೆ ವಿಶ್ವವಿದ್ಯಾಲಯದ ಓದು ಇರಲಿಲ್ಲ. ಶೆಫೀಲ್ಡಿನಲ್ಲಿ ಚಾಕು ಚೂರಿ ಮಾಡುವ ಒಂದು ಕಂಪನಿಯಲ್ಲಿ ಸುಮಾರು 20 ವರ್ಷ ಗುಮಾಸ್ತರಾಗಿದ್ದರು. ಭಾಷೆಗಳನ್ನೆಲ್ಲ ಸ್ವಂತವಾಗಿ ಕಲಿತದ್ದು. 1884ರಲ್ಲಿ ಆ ಮೊದಲ ಕಂತನ್ನು ಒಂದು ಪತ್ರಿಕೆಯಲ್ಲಿ ಅವರು ವಿಮರ್ಶೆ ಮಾಡಿದರು. ವಿಮರ್ಶೆ ಎಷ್ಟು ಚೆನ್ನಾಗಿತ್ತು ಅಂದರೆ ಮರ್ರೆ ಅವರನ್ನೇ ಕೆಲಸಕ್ಕೆ ಕರೆದುಕೊಂಡರು. ಮುಂದೆ ಸಂಪಾದಕರೂ ಆದರು. ಡಿಗ್ರಿ ಇಲ್ಲ ಅಂತ ಕುಗ್ಗುವ ಹುಡುಗರು ನಿಮ್ಮ ತರಗತಿಯಲ್ಲಿದ್ದರೆ ದಯವಿಟ್ಟು ಬ್ರ್ಯಾಡ್ಲಿ ಕಥೆ ಹೇಳಿ.

ಅವರೆಲ್ಲ ಮಾಡಿದ ಕೆಲಸದ ಗುಟ್ಟು ಸರಳ. ಪದವನ್ನು ಒಂಟಿಯಾಗಿ ನೋಡಲಿಲ್ಲ. ಅದರ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿದರು. ಸೂರ್ಯ ‘ಸೆಟ್’ ಆದರೆ ಒಂದು ಅರ್ಥ, ಸಿಮೆಂಟ್ ಆದರೆ ಇನ್ನೊಂದು. ಮೂಳೆಯನ್ನು ‘ಸೆಟ್’ ಮಾಡಿದರೆ ಒಂದು, ಪ್ರಶ್ನೆಪತ್ರಿಕೆಯನ್ನು ಮಾಡಿದರೆ ಮತ್ತೊಂದು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಇದೇ ದಾರಿಯದು. ಶಾಸನದಿಂದ ಹಿಡಿದು ಹೊಸಗನ್ನಡದವರೆಗೆ ಪದ ಎಲ್ಲೆಲ್ಲಿ ಹೇಗೆ ಬಂದಿದೆ ಅಂತ ವಾಕ್ಯ ಸಮೇತ ಅದು ತೋರಿಸುತ್ತದೆ.

ಈಗ ಪದದ ಒಳಗೆ ಹೋಗೋಣ.

ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಅಂತ ಒಂದು ಕ್ರಿಯಾಪದ ಇತ್ತು. ಕೂರು ಅಂತ ಅರ್ಥ. ಅದೇ ಇಂದಿನ ‘ಸಿಟ್’. ಅದರಿಂದ ಬಂದ ಇನ್ನೊಂದು ರೂಪ ‘ಸೆಟ್ಟನ್’. ಅದೇ ಇಂದಿನ ‘ಸೆಟ್’. ಇವೆರಡರ ನಡುವೆ ಏನು ವ್ಯತ್ಯಾಸ? ನಮಗೆ ಇದು ಹುಟ್ಟಿನಿಂದ ಗೊತ್ತಿರುವ ವ್ಯತ್ಯಾಸ. ‘ಕೂರು’ ಮತ್ತು ‘ಕೂರಿಸು’. ‘ಸಿಟ್’ ಅಂದರೆ ತಾನೇ ಕೂರುವುದು. ‘ಸೆಟ್’ ಅಂದರೆ ಇನ್ನೊಂದನ್ನು ಕೂರಿಸುವುದು. ಅಷ್ಟೇ.

ಕನ್ನಡದಲ್ಲಿ ನಾವು ‘ಇಸು’ ಹಚ್ಚುತ್ತೇವೆ. ಬೀಳು, ಬೀಳಿಸು. ಮಲಗು, ಮಲಗಿಸು. ಕುಡಿ, ಕುಡಿಸು. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಇಂಥದ್ದೇ ಒಂದು ಪ್ರತ್ಯಯ ಇತ್ತು. ಕಾಲ ಕಳೆದಂತೆ ಅದು ಸವೆದು ಹೋಯಿತು. ಪದದ ಒಳಗಿನ ಸ್ವರ ಬದಲಾದ ಗುರುತು ಮಾತ್ರ ಉಳಿಯಿತು. ‘ಲೈ’ ಅಂದರೆ ಮಲಗು, ‘ಲೇ’ ಅಂದರೆ ಮಲಗಿಸು. ‘ಫಾಲ್’ ಅಂದರೆ ಬೀಳು, ಮರ ‘ಫೆಲ್’ ಮಾಡುವುದು ಅಂದರೆ ಬೀಳಿಸು. ‘ಡ್ರಿಂಕ್’ ಅಂದರೆ ಕುಡಿ, ‘ಡ್ರೆಂಚ್’ ಅಂದರೆ ಮೊದಲಿಗೆ ಕುಡಿಸು ಅಂತಲೇ ಇತ್ತು. ಈಗ ಎಲ್ಲರಿಗೂ ಗೊತ್ತಿರುವುದು ‘ಪೂರ್ತಿ ತೋಯಿಸು’ ಅನ್ನುವ ಅರ್ಥ. ಆದರೆ ಪಶುವೈದ್ಯರು ಇವತ್ತಿಗೂ ದನಕ್ಕೆ ಬಾಯಿಂದ ಔಷಧಿ ಕುಡಿಸುವುದನ್ನು ಡ್ರೆಂಚಿಂಗ್ ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬಿದಿರಿನ ಗೊಟ್ಟದಲ್ಲಿ ಮಾಡುತ್ತಿದ್ದ ಕೆಲಸ ಅದೇ.

‘ಲೈ’ ಮತ್ತು ‘ಲೇ’ ನಡುವೆ ಇಂಗ್ಲಿಷ್ ಮನೆಮಾತಿನವರೇ ತಪ್ಪುತ್ತಾರೆ. ಅವರಿಗೆ ಆ ಪ್ರತ್ಯಯ ಈಗ ಕಣ್ಣಿಗೆ ಕಾಣುವುದಿಲ್ಲ. ನಮಗೆ ಕಾಣುತ್ತದೆ. ನಮ್ಮ ಭಾಷೆಯಲ್ಲಿ ಅದು ಇನ್ನೂ ಜೀವಂತವಾಗಿದೆ. ಕನ್ನಡದ ಮಗುವಿಗೆ ಇದು ಎಷ್ಟು ದೊಡ್ಡ ಅನುಕೂಲ ನೋಡಿ. ಇದನ್ನು ತರಗತಿಯಲ್ಲಿ ಬಳಸದೆ ಬಿಡುವುದು ನನಗೆ ನಿಜಕ್ಕೂ ನೋವಿನ ವಿಷಯ.

‘ಕೂರಿಸು’ ಎಂಬ ಒಂದು ಚಿತ್ರ ಇಟ್ಟುಕೊಂಡು ಈಗ ಸುಮ್ನೆ ಸುತ್ತಿ ಬನ್ನಿ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ. ಇಂಗ್ಲಿಷಿನಲ್ಲೂ ಅದು ‘ಸೆಟ್’. ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ. ಅಲ್ಲೂ ‘ಸೆಟ್ ಎ ಹೆನ್’. ಜಾರಿದ ಮೂಳೆಯನ್ನು ಕೂರಿಸುತ್ತಾರೆ. ಅಲ್ಲೂ ‘ಸೆಟ್ ಎ ಬೋನ್’. ಆಂಧ್ರದ ಪುತ್ತೂರಿನ ಕಟ್ಟು ನಿಮಗೆಲ್ಲ ಗೊತ್ತಲ್ಲ. ಆ ಕಸುಬಿನವರಿಗೆ ಇಂಗ್ಲಿಷ್ ಹೆಸರು ‘ಬೋನ್ ಸೆಟರ್’. ದಸರೆಗೆ ಗೊಂಬೆ ಕೂರಿಸುತ್ತೇವೆ, ಚೌತಿಗೆ ಗಣಪತಿ ಕೂರಿಸುತ್ತೇವೆ. ಇಂಗ್ಲಿಷಿನವರು ಅಲ್ಲಿ ‘ಅಪ್’ ಸೇರಿಸಿ ‘ಸೆಟ್ ಅಪ್’ ಅನ್ನುತ್ತಾರೆ. ಯಾವುದೋ ಒಂದನ್ನು ಅದರ ಜಾಗದಲ್ಲಿ, ಅಲುಗಾಡದ ಹಾಗೆ ಇರಿಸುವುದು. ಎಲ್ಲದರ ಒಳಗೂ ಇರುವುದು ಇದೇ.

ಕೆಲವು ಕಡೆ ನಮಗೆ ‘ಕೂರಿಸು’ ಒಗ್ಗುವುದಿಲ್ಲ. ಅಲ್ಲಿ ‘ಇಡು’ ಬರುತ್ತದೆ. ಅಲಾರಂ ಇಡು. ಬೆಂಕಿ ಇಡು. ಹೆಜ್ಜೆ ಇಡು. ಬೋನು ಇಡು. ಮುಹೂರ್ತ ಇಡು. ಐದಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಸಲ್ಲುತ್ತದೆ. ಹಾಗಂತ ಎರಡೂ ಪದ ಎಲ್ಲ ಕಡೆ ಜೊತೆಯಾಗಿ ಹೋಗುವುದಿಲ್ಲ. ಮೊಟ್ಟೆ ಇಡುವುದಕ್ಕೆ ಅಲ್ಲಿ ‘ಲೇ’. ಹೆಸರು ಇಡುವುದಕ್ಕೂ ‘ಸೆಟ್’ ಬರುವುದಿಲ್ಲ. ಇತ್ತ ಕಡೆಯಿಂದ ನೋಡಿದರೆ, ಹಾಡಿಗೆ ‘ಸೆಟ್ ಟು ಮ್ಯೂಸಿಕ್’ ಅಂದಾಗ ನಾವು ರಾಗ ಹಾಕು ಅನ್ನುತ್ತೇವೆ. ಶಿಶುನಾಳ ಷರೀಫರ ಪದಗಳಿಗೆ ಸಿ. ಅಶ್ವಥ್ ರಾಗ ಹಾಕಿದರು ಅಂತ ತಾನೇ ನಾವು ಹೇಳುವುದು? ಊಟದ ಮೇಜು ‘ಸೆಟ್’ ಮಾಡುವುದು ನಮ್ಮಲ್ಲಿ ಎಲೆ ಹಾಕುವುದು. ಪ್ರಶ್ನೆಪತ್ರಿಕೆಯನ್ನು ನಾವು ತೆಗೆಯುತ್ತೇವೆ. ಅಚ್ಚಿನ ಮೊಳೆಯನ್ನು ಜೋಡಿಸುತ್ತಿದ್ದೆವು. ಒಂದು ಪದಕ್ಕೆ ಒಂದು ಪದ ಅಂತ ಹುಡುಕಿದರೆ ಸಿಗದು. ಚಿತ್ರ ಒಂದೇ ಇದ್ದರೂ ಪ್ರತಿ ಭಾಷೆ ಅದನ್ನು ತನ್ನ ಕ್ರಿಯಾಪದಗಳಿಗೆ ತನ್ನದೇ ರೀತಿಯಲ್ಲಿ ಹಂಚಿಕೊಟ್ಟಿರುತ್ತದೆ.

ಸೂರ್ಯನ ವಿಷಯ ಬರೋಣ. ‘ದಿ ಸನ್ ಸೆಟ್ಸ್’. ಇಲ್ಲಿ ಯಾರು ಯಾರನ್ನು ಕೂರಿಸಿದರು? ಹಳೆಯ ಇಂಗ್ಲಿಷಿನಲ್ಲಿ ಸೂರ್ಯ ಮುಳುಗುವುದಕ್ಕೆ ‘ಸೆಟ್ಲ್‌ಗಾಂಗ್’ ಅಂತ ಒಂದು ಪದ ಇತ್ತು. ‘ಸೆಟ್ಲ್’ ಅಂದರೆ ಕೂರುವ ಜಾಗ, ಪೀಠ. ‘ಗಾಂಗ್’ ಅಂದರೆ ಹೋಗುವುದು. ಸೂರ್ಯ ತನ್ನ ಪೀಠಕ್ಕೆ ಹೋಗುತ್ತಾನೆ ಅನ್ನುವುದು ಆ ಜನರ ನೋಟ. ನಾವು ಹೊತ್ತು ಮುಳುಗಿತು ಅನ್ನುತ್ತೇವೆ, ಹೊತ್ತು ಕಂತಿತು ಅನ್ನುತ್ತೇವೆ. ನಮಗೆ ಕಂಡದ್ದು ಮುಳುಗುವುದು, ಅವರಿಗೆ ಕಂಡದ್ದು ಹೋಗಿ ಕೂರುವುದು. ಇದನ್ನು ಹೇಳಿಕೊಟ್ಟರೆ ಯಾವ ಮಗುವೂ ‘ಸನ್‌ಸೆಟ್’ ಮರೆಯುವುದಿಲ್ಲ. ಆ ‘ಸೆಟ್ಲ್’ ಪದದಿಂದಲೇ ‘ಸೆಟಲ್’ ಬಂತು. ‘ಮಗ ಬೆಂಗಳೂರಲ್ಲಿ ಸೆಟ್ಲ್ ಆದ’ ಅಂತೀವಲ್ಲ, ಅದು.

ಒಂದು ಕಡೆ ಕೂತದ್ದು ಅಲುಗದೆ ಉಳಿದರೆ ಬಿಗಿಯಾಗುತ್ತದೆ. ಗಟ್ಟಿಯಾಗು ಅನ್ನುವ ಅರ್ಥ ಹೊರಟದ್ದು ಅಲ್ಲಿಂದ. ಸಿಮೆಂಟ್ ಸೆಟ್ ಆಗುತ್ತದೆ. ನಮ್ಮ ಗಾರೆ ಕೆಲಸದವರಿಗೆ ಈ ಅರ್ಥ ಯಾವ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ‘ಇನ್ನೂ ಸೆಟ್ ಆಗಿಲ್ಲ, ಕಾಲಿಡಬೇಡಿ’ ಅನ್ನುತ್ತಾರೆ. ಭಾರತದ ಮಾನಕದಲ್ಲಿ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇದರ ಲೆಕ್ಕವೇ ಇದೆ. ನೀರು ಬೆರೆಸಿದ ಮೇಲೆ ಕನಿಷ್ಠ 30 ನಿಮಿಷದವರೆಗೆ ಅದು ಬಿಗಿದುಕೊಳ್ಳಲು ಶುರುವಾಗಬಾರದು. 600 ನಿಮಿಷದೊಳಗೆ ಪೂರ್ತಿ ಬಿಗಿದಿರಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ‘ಸೆಟ್’ ಆಗುವುದು ಬೇರೆ, ಬಲ ಬರುವುದು ಬೇರೆ. ಕಾಂಕ್ರೀಟಿನ ಬಲವನ್ನು ಅಳೆಯುವುದು 28 ದಿನ ಕಳೆದ ಮೇಲೆ. ಹತ್ತು ಗಂಟೆಯಲ್ಲಿ ಸೆಟ್ ಆಗಿದೆ ಅಂತ ಕ್ಯೂರಿಂಗ್ ನಿಲ್ಲಿಸಬಾರದು ಅನ್ನುವುದು ಅದಕ್ಕೇ. ಮೊಸರಿಗೆ ನಾವು ಹೆಪ್ಪುಗಟ್ಟಿತು ಅನ್ನುತ್ತೇವೆ, ಅದಕ್ಕೂ ಅವರದು ‘ಸೆಟ್’.

ತೋಟದವರು ಇಲ್ಲಿ ಇದ್ದೀರಿ. ನಿಮಗೂ ಒಂದು ‘ಸೆಟ್’ ಇದೆ. ಹೂವು ಉದುರದೆ ಕಾಯಿ ಕಚ್ಚುವುದಕ್ಕೆ ಇಂಗ್ಲಿಷಿನಲ್ಲಿ ‘ಫ್ರೂಟ್ ಸೆಟ್’ ಅನ್ನುತ್ತಾರೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರು ಹೂ ಅರಳಿಸುವ ಮಳೆಗೆ ಕಾಯುತ್ತಾರೆ. ಆಮೇಲೆ ಅದರ ಬೆನ್ನಿಗೆ ಬರುವ ಬ್ಯಾಕಿಂಗ್ ಶವರ್‌ಗೂ ಕಾಯುತ್ತಾರೆ. ಹೂ ಅರಳಿದರೆ ಸಾಕಾಗುವುದಿಲ್ಲ, ಅದು ಗಿಡದಲ್ಲಿ ನೆಲೆ ನಿಲ್ಲಬೇಕು. ಕನ್ನಡದ ‘ಕಚ್ಚು’ ಆ ನೆಲೆ ನಿಲ್ಲುವುದನ್ನು ಇಂಗ್ಲಿಷಿಗಿಂತ ಜೋರಾಗಿ ಹೇಳುತ್ತದೆ ಅಂತ ನನ್ನ ಅನಿಸಿಕೆ. ಇನ್ನು ಮಳೆ. ‘ದಿ ರೇನ್ಸ್ ಹ್ಯಾವ್ ಸೆಟ್ ಇನ್’ ಅಂದರೆ ಮಳೆ ಹಿಡಿಯಿತು. ಒಂದು ಸಲ ಹನಿ ಬಿದ್ದು ಹೋದರೆ ಅಲ್ಲ, ಬಂದು ಕೂತರೆ ಮಾತ್ರ ‘ಸೆಟ್ ಇನ್’. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆ ದಿನ ಜೂನ್ 1 ಅಂತ ಹವಾಮಾನ ಇಲಾಖೆ ಹೇಳುತ್ತದಲ್ಲ, ಅದಕ್ಕೆ ಅವರು ಬಳಸುವ ‘ಆನ್‌ಸೆಟ್’ ಪದದಲ್ಲೂ ಇದೇ ‘ಸೆಟ್’ ಇದೆ.

ಸೆಟರ್ ಅಂತ ನಾಯಿಯ ಜಾತಿಗಳಿವೆ. ಐರಿಶ್ ಸೆಟರ್, ಇಂಗ್ಲಿಷ್ ಸೆಟರ್. ಬೇಟೆ ಹಕ್ಕಿಯ ವಾಸನೆ ಹಿಡಿದ ಕೂಡಲೇ ಈ ನಾಯಿ ಅಲ್ಲೇ ತಗ್ಗಿ ಕೂತುಬಿಡುತ್ತಿತ್ತು. ಹಿಂದಿನಿಂದ ಬೇಟೆಗಾರ ಬಲೆ ಎಸೆಯುತ್ತಿದ್ದ. ಬಂದೂಕು ಬಳಕೆಗೆ ಬರುವ ಮುಂಚಿನ ಬೇಟೆಯ ರೀತಿ ಆ ಹೆಸರಿನಲ್ಲಿ ಉಳಿದುಕೊಂಡಿದೆ.

ಇಷ್ಟೂ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಸೆಟ್ ದೋಸೆಯಲ್ಲಿ ಕೂರಿಸುವುದು ಎಲ್ಲಿದೆ? ಇಲ್ಲ. ಅದು ಬೇರೆಯೇ ಪದ. ಗುಂಪು ಅನ್ನುವ ಅರ್ಥದ ‘ಸೆಟ್’ ಬಂದದ್ದು ಹಳೆಯ ಫ್ರೆಂಚಿನಿಂದ. ಅದರ ಹಿಂದೆ ಲ್ಯಾಟಿನ್ನಿನ ‘ಸೆಕ್ಟಾ’. ಒಬ್ಬ ಗುರುವನ್ನೋ ಒಂದು ಮತವನ್ನೋ ಹಿಂಬಾಲಿಸುವವರು ಅಂತ ಅರ್ಥ. ಪಂಥ ಅನ್ನುವ ‘ಸೆಕ್ಟ್’ ಕೂಡ ಅದರಿಂದಲೇ ಬಂದದ್ದು. ಇಂಗ್ಲಿಷಿನ ಹಳೆಯ ‘ಸೆಟ್’ ಜೊತೆ ಈ ಹೊಸದು ಸದ್ದಿನಲ್ಲಿ ಒಂದೇ ಆಗಿಬಿಟ್ಟಿತು. ಜನರಿಗೂ ಎರಡೂ ಒಂದೇ ಅನ್ನಿಸತೊಡಗಿತು. ಒಟ್ಟಿಗೆ ಕೂರಿಸಿ ಇಟ್ಟದ್ದು ಗುಂಪೇ ತಾನೇ! ಹೀಗೆ ಎರಡು ಹೊಳೆ ಸೇರಿ ಒಂದಾದವು. ಒಂದು ತಟ್ಟೆಗೆ ಮೂರು ದೋಸೆ ಒಟ್ಟಿಗೆ ಬರುವುದರಿಂದ ಸೆಟ್ ದೋಸೆ. ಕೆಲವು ಹೋಟೆಲಿನಲ್ಲಿ ಎರಡು ಕೊಡುತ್ತಾರೆ, ಆದರೂ ಹೆಸರು ಅದೇ. ರೋಮಿನ ಮತಪಂಥಗಳಿಂದ ಹೊರಟ ಪದ ಫ್ರೆಂಚಿನಲ್ಲಿ ಹಾದು, ಇಂಗ್ಲಿಷಿನಲ್ಲಿ ಬೆಳೆದು, ಬೆಂಗಳೂರಿನ ಹೋಟೆಲಿನಲ್ಲಿ ಸಾಗು ಜೊತೆ ಬಂದು ಕೂತಿದೆ.

ವಾಲಿಬಾಲ್ ಆಡುವವರು ಇದ್ದೀರಾ? ನಿಮ್ಮ ಅಂಕಣದಲ್ಲಿ ಎರಡೂ ‘ಸೆಟ್’ ಒಟ್ಟಿಗೆ ಇವೆ. 25 ಪಾಯಿಂಟಿನ ಸೆಟ್ ಅನ್ನುವುದು ಗುಂಪಿನ ಸೆಟ್. ಹೊಡೆಯುವವನಿಗೆ ಚೆಂಡನ್ನು ಸರಿಯಾದ ಎತ್ತರದಲ್ಲಿ ಎತ್ತಿ ಕೊಡುವವನು ಸೆಟರ್. ನಮ್ಮ ಕಡೆ ಲಿಫ್ಟರ್ ಅಂತಲೂ ಅನ್ನುತ್ತಾರೆ. ಅವನದು ಕೂರಿಸುವ ಸೆಟ್. ಟೆನಿಸ್ಸಿನ ಸೆಟ್ ಕೂಡ ಗೇಮುಗಳ ಗುಂಪು. 2010ರ ವಿಂಬಲ್ಡನ್ನಿನಲ್ಲಿ ಇಸ್ನರ್ ಮತ್ತು ಮಹೂ ಆಡಿದ ಪಂದ್ಯದ ಐದನೇ ಸೆಟ್ 70–68ರವರೆಗೆ ಹೋಯಿತು. ಪಂದ್ಯ ಮೂರು ದಿನಕ್ಕೆ ಹಬ್ಬಿ 11 ಗಂಟೆ 5 ನಿಮಿಷ ನಡೆಯಿತು. ಒಂದು ಗುಂಪಿನಲ್ಲಿ 138 ಗೇಮು!

ಗಣಿತದ ‘ಸೆಟ್’ ನಮಗೆ ‘ಗಣ’. ಜಾರ್ಜ್ ಕ್ಯಾಂಟರ್ 1870ರ ದಶಕದಲ್ಲಿ ಈ ಗಣಿತಕ್ಕೆ ಅಡಿಪಾಯ ಹಾಕಿದಾಗ ಬರೆದದ್ದು ಜರ್ಮನ್ನಿನಲ್ಲಿ. ಅಲ್ಲಿ ಅದರ ಹೆಸರು ‘ಮೆಂಗೆ’, ಅಂದರೆ ರಾಶಿ, ಸಮೂಹ. ಇಂಗ್ಲಿಷಿನವರು ‘ಸೆಟ್’ ಆರಿಸಿಕೊಂಡರು, ಕನ್ನಡ ಪಠ್ಯದವರು ‘ಗಣ’ ಆರಿಸಿಕೊಂಡರು. ಶಿವಗಣ, ಛಂದಸ್ಸಿನ ಗಣ ಎರಡೂ ಗೊತ್ತಿದ್ದ ಭಾಷೆಗೆ ಇದು ಒಳ್ಳೆಯ ಆಯ್ಕೆ. ಗಣಿತದ ಮೇಷ್ಟ್ರುಗಳು ಆ ಪದವನ್ನು ಧೈರ್ಯವಾಗಿ ಬಳಸಬೇಕು.

ಇಲ್ಲಿ ಸ್ವಲ್ಪ ಆಚೆ ಹೋಗುತ್ತೇನೆ, ಹೇಳದೆ ಇರಲಾರೆ. ‘ಸಿಟ್’, ‘ಸೆಟ್’ ಎರಡರ ಮೂಲವೂ ಸಂಸ್ಕೃತದ ‘ಸದ್’ ಧಾತುವಿನ ಮೂಲವೂ ಒಂದೇ. ‘ಸದ್’ ಅಂದರೆ ಕೂರು. ಸದನ ಅಂದರೆ ಕೂರುವ ಜಾಗ. ಸಂಸತ್ತು ಅಂದರೆ ಒಟ್ಟಿಗೆ ಕೂರುವುದು. ಪರಿಷತ್ತು ಅಂದರೆ ಸುತ್ತ ಕೂರುವುದು. ಉಪನಿಷತ್ತು ಅಂದರೆ ಹತ್ತಿರ ಕೂರುವುದು. ವಿಧಾನ ಪರಿಷತ್ತಿನ ಕೊನೆಗಿರುವ ಆ ‘ಷತ್’ ಇಂಗ್ಲಿಷಿನ ‘ಸೆಟ್’ ಪದಕ್ಕೆ ದೂರದ ದಾಯಾದಿ. ನಮ್ಮ ‘ಕೂರು’ ಮಾತ್ರ ಆ ಕುಲದ್ದಲ್ಲ, ಅದು ದ್ರಾವಿಡದ್ದು. ‘ಸೆಟೆದು ನಿಂತ’ ಅನ್ನುವಾಗ ಬರುವ ‘ಸೆಟೆ’ ಕೂಡ ಅಚ್ಚ ಕನ್ನಡ. ಸದ್ದು ಹೋಲುತ್ತದೆ, ಬಿಗಿಯಾಗು ಅನ್ನುವ ಅರ್ಥವೂ ಹೋಲುತ್ತದೆ. ಆದರೆ ನಂಟು ಇಲ್ಲ. ಹೋಲಿಕೆ ಕಂಡ ಕೂಡಲೇ ಮೂಲ ಒಂದೇ ಅಂತ ಹೇಳುವ ಅವಸರ ಬೇಡ.

ಕನ್ನಡಿಗರು ಈ ಪದದಿಂದ ಮಾಡಿಕೊಂಡದ್ದನ್ನೂ ಹೇಳಬೇಕಲ್ವಾ? ‘ಸಿನಿಮಾ ಸೆಟ್ಟೇರಿತು’ ಅಂತ ಪತ್ರಿಕೆಗಳಲ್ಲಿ ಓದುತ್ತೀರಿ. ಚಿತ್ರೀಕರಣ ಶುರುವಾಯಿತು ಅಂತ. ಇಂಗ್ಲಿಷಿನವರು ಇದಕ್ಕೆ ‘ಸೆಟ್’ ಹತ್ತುವುದಿಲ್ಲ. ನಾವು ‘ಸೆಟ್’ ತೆಗೆದುಕೊಂಡು, ತೇರು ಏರಿದ ಹಾಗೆ, ಗದ್ದುಗೆ ಏರಿದ ಹಾಗೆ ‘ಏರು’ ಸೇರಿಸಿದೆವು. ದ್ವಿತ್ವವೂ ಬಂತು, ಸಂಧಿಯೂ ಆಯಿತು. ಸೆಟ್ ಹಾಕದೆ ಹಳ್ಳಿಯ ಬೀದಿಯಲ್ಲೇ ತೆಗೆಯುವ ಸಿನಿಮಾ ಕೂಡ ಸೆಟ್ಟೇರುತ್ತದೆ. ನನ್ನ ಮಟ್ಟಿಗೆ ‘ಸೆಟ್ಟೇರು’ ಈಗ ಕನ್ನಡ ಪದ. ಇದನ್ನು ನಿಘಂಟಿನಲ್ಲಿ ಸೇರಿಸುವುದಕ್ಕೆ ಯಾರೂ ಹಿಂಜರಿಯಬಾರದು. ‘ಸೆಟ್ ಆಗಲ್ಲ’ ಅನ್ನುವುದೂ ಹಾಗೇ. ಹೊಂದುವುದಿಲ್ಲ, ಒಗ್ಗುವುದಿಲ್ಲ ಅಂತ ನಾವು ಬಳಸುತ್ತೇವೆ. ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಅನ್ನುವುದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಸೆಟ್’ ಇಟ್ಟರೆ ಅಲ್ಲಿಯವರಿಗೆ ಅರ್ಥವಾಗುವುದಿಲ್ಲ. ಮಕ್ಕಳಿಗೆ ಈ ಎಚ್ಚರ ಹೇಳಿಕೊಡಬೇಕು. ಆದರೆ ತಪ್ಪು ಇಂಗ್ಲಿಷ್ ಅಂತ ಅಲ್ಲ, ಇದು ಕನ್ನಡದ ಬಳಕೆ ಅಂತ.

ಈಗ ನಾನು ಹೆಚ್ಚು ಕಾಳಜಿ ಮಾಡುವ ಜಾಗಕ್ಕೆ ಬರುತ್ತೇನೆ. ‘ಸೆಟ್’ ಪಕ್ಕ ಇನ್ನೊಂದು ಪುಟ್ಟ ಪದ ಬಂದಾಗ. ಸೆಟ್ ಅಸೈಡ್, ಸೆಟ್ ಆಫ್, ಸೆಟ್ ಔಟ್, ಸೆಟ್ ಡೌನ್. ಮಕ್ಕಳು ಸೋಲುವುದು ಇಲ್ಲೇ. ಮೇಷ್ಟ್ರುಗಳೇ, ಕನ್ನಡದ ‘ಇಡು’ ಏನು ಮಾಡುತ್ತದೆ ನೋಡಿ. ಎತ್ತಿಡು, ತೆಗೆದಿಡು, ಬಚ್ಚಿಡು, ಕೂಡಿಡು, ಮುಚ್ಚಿಡು, ಬರೆದಿಡು. ಒಂದು ‘ಇಡು’, ಅದರ ಮುಂದೆ ಒಂದೊಂದು ಪದ, ಒಂದೊಂದಕ್ಕೂ ಬೇರೆ ಅರ್ಥ. ಇಂಗ್ಲಿಷ್ ಮಾಡುವುದೂ ಇದೇ ಕೆಲಸ. ನಮ್ಮಲ್ಲಿ ಅರ್ಥ ತಿರುಗಿಸುವ ಪದ ಮೊದಲು ಬರುತ್ತದೆ, ಅವರಲ್ಲಿ ಆಮೇಲೆ ಬರುತ್ತದೆ. ‘ಬರೆದಿಡು’ ಅಂದರೆ ‘ಸೆಟ್ ಡೌನ್’. ದುಡ್ಡು ‘ತೆಗೆದಿಡು’ ಅಂದರೆ ‘ಸೆಟ್ ಅಸೈಡ್’. ‘ಬಚ್ಚಿಡು’ ಮತ್ತು ‘ಕೂಡಿಡು’ ನಡುವಿನ ವ್ಯತ್ಯಾಸವನ್ನು ಐದು ವರ್ಷದ ಮಗು ತಿಳಿದಿದೆ. ಯಾರೂ ಪಟ್ಟಿ ಕೊಟ್ಟು ಕಲಿಸಿದ್ದಲ್ಲ. ಆ ಮಗುವಿಗೆ ಇಂಥ ಜೋಡಿ ಕ್ರಿಯಾಪದ, ಅಂದರೆ ಫ್ರೇಸಲ್ ವರ್ಬ್ ಕಷ್ಟ ಅಂತ ನಾವು ಹೇಳುತ್ತಿದ್ದೇವೆ.

ಈ ತಿಳುವಳಿಕೆ ಪರೀಕ್ಷೆಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಕೋರ್ಟಿನ ಮಾತು ಕೇಳಿ. ‘ಹೈಕೋರ್ಟ್ ಕೆಳಗಿನ ಕೋರ್ಟಿನ ಆದೇಶವನ್ನು ಸೆಟ್ ಅಸೈಡ್ ಮಾಡಿತು’ ಅಂದರೆ ಆ ಆದೇಶ ರದ್ದಾಯಿತು. ಅದಕ್ಕೆ ಇನ್ನು ಬೆಲೆ ಇಲ್ಲ. ಆದರೆ ಯಾರಾದರೂ ಅದನ್ನು ‘ಬದಿಗಿಟ್ಟಿದ್ದಾರೆ’ ಅಂತ ಅನುವಾದ ಮಾಡಿ ಹೇಳಿದರೆ? ಜಮೀನಿನ ಕೇಸಿಗೆ ಓಡಾಡುವ ರೈತರು, ಆಮೇಲೆ ನೋಡೋಣ ಅಂತ ಪಕ್ಕಕ್ಕೆ ಇಟ್ಟಿರಬೇಕು, ಇನ್ನೂ ತೀರ್ಮಾನ ಆಗಿಲ್ಲ ಅಂದುಕೊಳ್ಳುತ್ತಾರೆ. ಗೆದ್ದವರಿಗೆ ಗೆದ್ದದ್ದು ಗೊತ್ತಾಗುವುದಿಲ್ಲ. ಸೋತವರು ಮೇಲ್ಮನವಿಯ ಅವಧಿ ಕಳೆದುಕೊಳ್ಳಬಹುದು. ‘ಸೆಟ್ ಆಫ್’ ಕೂಡ ಹಾಗೇ. ಬಳಕೆಯ ಮಾತಿನಲ್ಲಿ ಹೊರಡು, ಪಟಾಕಿ ಹಚ್ಚು ಅಂತೆಲ್ಲ ಅರ್ಥ. ಕಾನೂನಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ಲೆಕ್ಕ ಸರಿಮಾಡುವುದು. ವಿಚಾರಣೆ ನಡೆಯುವಾಗ ಆರೋಪಿ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಿಂದ ಕಳೆಯಬೇಕು ಅಂತ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂ ಹೇಳುತ್ತಿತ್ತು. ಈಗಿನ ಹೊಸ ಸಂಹಿತೆಯಲ್ಲಿ ಅದು 468. ಅದರ ಹೆಸರೇ ‘ಸೆಟ್ ಆಫ್’. ಒಬ್ಬ ಮನುಷ್ಯ ಯಾವತ್ತು ಮನೆಗೆ ಬರುತ್ತಾನೆ ಅನ್ನುವುದು ಈ ಪದದ ಮೇಲೆ ನಿಂತಿದೆ. ಹಳ್ಳಿಯ ಮಕ್ಕಳಿಗೆ ಇಂಥ ಇಂಗ್ಲಿಷ್ ಬೇಕು. ಅವರ ಅಪ್ಪ ಅಮ್ಮನ ಕೈಗೆ ಬರುವ ಕಾಗದ ಓದುವಷ್ಟು ಇಂಗ್ಲಿಷ್.

ಆದ್ದರಿಂದ ನನ್ನದೊಂದು ಬೇಡಿಕೆ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಪದ್ಧತಿ ಕೆಲವು ಶಾಲೆಗಳಲ್ಲಿ ಇದೆ. ಅದನ್ನು ಬಿಡಿ. ಮಗು ‘ಕೂರಿಸು’ ಅಂತ ಬೋರ್ಡಿನ ಮೇಲೆ ಬರೆಯಲಿ. ಸುತ್ತ ಹರಳು, ಮೂಳೆ, ಕೋಳಿ, ಗಣಪತಿ ಬರೆಯಲಿ. ‘ಇಡು’ ಬರೆದು ಅದರ ಮುಂದೆ ಏನೇನು ಬರುತ್ತದೆ ಅಂತ ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬರಲಿ. ಆಮೇಲೆ ಇಂಗ್ಲಿಷ್ ಪೇಪರಿನಲ್ಲಿ ‘ಸೆಟ್’ ಬಂದ ಕಡೆಯೆಲ್ಲ ಗೆರೆ ಹಾಕಿಸಿ. ಪಕ್ಕದಲ್ಲಿ ಯಾವ ಪದ ಇದೆ ನೋಡು ಅನ್ನಿ. ವಾಕ್ಯವನ್ನು ಚೀಟಿಯಲ್ಲಿ ಬರೆಸಿ. ಮರ್ರೆ ಮತ್ತು ಬ್ರ್ಯಾಡ್ಲಿ ಮಾಡಿದ ಕೆಲಸವನ್ನೇ ನಿಮ್ಮ ಎಂಟನೇ ಕ್ಲಾಸಿನ ಮಕ್ಕಳು ಮಾಡುತ್ತಾರೆ.

ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ಶಿಕ್ಷಕಿ ಕೇಳಿದರು: ‘ಸೆಟ್’ಗೆ ಭೂತಕಾಲದಲ್ಲೂ ರೂಪ ಬದಲಾಗುವುದಿಲ್ಲ, ಮಕ್ಕಳು ಕಾಲವನ್ನು ಹೇಗೆ ಗುರುತಿಸಬೇಕು?

ನಿಜ ಮೇಡಂ, ‘ಪುಟ್’, ‘ಕಟ್’, ‘ಹಿಟ್’ ಪದಗಳ ಹಾಗೆ ಇದೂ ಮೂರೂ ರೂಪದಲ್ಲಿ ಒಂದೇ. ‘ಹಿ’, ‘ಶಿ’ ಜೊತೆ ಬಂದಾಗ ಮಾತ್ರ ಸುಳಿವು ಸಿಗುತ್ತದೆ. ‘ಶಿ ಸೆಟ್ಸ್’ ಅಂದರೆ ವರ್ತಮಾನ, ‘ಶಿ ಸೆಟ್’ ಅಂದರೆ ಆಗಿಹೋದದ್ದು. ‘ದೇ ಸೆಟ್’ ಅಂತ ಬಂದರೆ ಆ ಪದ ಒಂದೇ ನೋಡಿ ಹೇಳಲಾಗದು. ‘ಯೆಸ್ಟರ್‌ಡೇ’ ಇದೆಯಾ, ‘ಎವ್ರಿ ಡೇ’ ಇದೆಯಾ, ಹಿಂದಿನ ವಾಕ್ಯ ಯಾವ ಕಾಲದಲ್ಲಿದೆ ಅಂತ ನೋಡಬೇಕು. ಇಲ್ಲೂ ಅಕ್ಕಪಕ್ಕ ನೋಡುವುದೇ ದಾರಿ.

ಕಾಲೇಜು ಹುಡುಗನೊಬ್ಬನ ಪ್ರಶ್ನೆ: ‘ಸೆಟ್ ಅಪ್’ ಅಂದರೆ ಕಟ್ಟುವುದು, ‘ಅಪ್‌ಸೆಟ್’ ಅಂದರೆ ಕೆಡುವುದು. ಅವೇ ಎರಡು ಪದ, ಅರ್ಥ ಯಾಕೆ ಉಲ್ಟಾ?

ಮೊದಲು ಉಲ್ಟಾ ಇರಲಿಲ್ಲಪ್ಪ. 15ನೇ ಶತಮಾನದಲ್ಲಿ ‘ಅಪ್‌ಸೆಟ್’ ಅಂದರೂ ಎತ್ತಿ ನಿಲ್ಲಿಸು ಅಂತಲೇ ಇತ್ತು. ದೋಣಿ ಮಗುಚುವುದಕ್ಕೆ ಆಗ ‘ಓವರ್‌ಸೆಟ್’ ಅನ್ನುತ್ತಿದ್ದರು. 19ನೇ ಶತಮಾನದ ಹೊತ್ತಿಗೆ ಮಗುಚುವ ಕೆಲಸವನ್ನು ‘ಅಪ್‌ಸೆಟ್’ ವಹಿಸಿಕೊಂಡಿತು, ‘ಓವರ್‌ಸೆಟ್’ ಮೂಲೆಗೆ ಸರಿಯಿತು. ನಿನ್ನ ಮನಸ್ಸು ಅಪ್‌ಸೆಟ್ ಆಗುವುದು, ಹೊಟ್ಟೆ ಅಪ್‌ಸೆಟ್ ಆಗುವುದು ಎಲ್ಲ ಆ ಮಗುಚುವ ಅರ್ಥದಿಂದ ಬಂದದ್ದು. ಆದರೆ ಮಗುಚುವುದಕ್ಕೆ ಸಂಬಂಧವೇ ಇಲ್ಲದ ಒಂದು ಅರ್ಥ ಕಬ್ಬಿಣದ ಕೆಲಸದಲ್ಲಿ ಉಳಿದಿದೆ. ಕಾಸಿದ ಕಬ್ಬಿಣದ ಸರಳನ್ನು ನೆಟ್ಟಗೆ ಹಿಡಿದು, ತುದಿಗೆ ಬಡಿದು ದಪ್ಪ ಮಾಡುತ್ತಾರೆ ನೋಡು, ಬೋಲ್ಟಿನ ತಲೆ ಮಾಡುವುದು ಹಾಗೆ. ಆ ಕೆಲಸಕ್ಕೆ ಕಾರ್ಖಾನೆಗಳಲ್ಲಿ ಇವತ್ತಿಗೂ ‘ಅಪ್‌ಸೆಟ್ಟಿಂಗ್’ ಅಂತಲೇ ಹೆಸರು.